ಗೆಣ್ಣಿನ ಸದ್ದು

ನಾನು ಒಂದು ಗ್ರಾಮಫೋನ್ ಪ್ಲೇಟು. ಈಗ ಮೂರು ತುಂಡಾಗಿದ್ದೇನೆ. ಕಥೆಯ ಕೊನೆಯಲ್ಲಿ ಯಾರೋ ಬಂದು ನನ್ನನ್ನು ಅಂಟಿಸಿ ಹಾಡಿಸುತ್ತಾರೆ ಎಂದು ಯಾರೂ ಕಾಯುವುದು ಬೇಡ. ಹಾಗೆ ಆಗುವುದಿಲ್ಲ.

ನನ್ನ ಹುಟ್ಟಿನಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ. ಕಾಡುಮರಗಳ ರೆಂಬೆಗೆ ಮೆತ್ತಿಕೊಂಡು ಬದುಕುವ ಅರಗಿನ ಹುಳುಗಳು ಮೈಯಿಂದ ಒಸರಿಸುವ ಅಂಟು, ಅದಕ್ಕೊಂದಿಷ್ಟು ಕಲ್ಲಿನ ಪುಡಿ, ಹತ್ತಿಯ ನಾರು, ಕಾಡಿಗೆಯಂಥ ಮಸಿ. ಇಷ್ಟನ್ನು ಕಲಸಿ, ಕಾಯಿಸಿ, ಕಲ್ಕತ್ತೆಯ ಕಾರ್ಖಾನೆಯೊಂದರಲ್ಲಿ ಅಚ್ಚಿನ ಕೆಳಗಿಟ್ಟು ಒತ್ತಿದರು. ಒತ್ತಿದವನು ಬೆವರು ಒರೆಸಿಕೊಂಡು ಇನ್ನೊಂದು ಮುದ್ದೆ ಕೈಗೆತ್ತಿಕೊಂಡ. ನಾನು ಹುಟ್ಟಿದ್ದಕ್ಕೆ ನಡೆದ ಸಮಾರಂಭ ಅಷ್ಟೇ.

ಉಳಿದ ಪ್ಲೇಟುಗಳಿಗೆ ಎರಡು ಮುಖ. ನನಗೆ ಒಂದೇ. ಒಂದು ಕಡೆ ಹಾಡಿನ ಗೆರೆಗಳು, ಇನ್ನೊಂದು ಕಡೆ ಬೋಳು. ನಾನು ಅಂಗಡಿಗೆ ಹೋಗುವ ಪ್ಲೇಟಲ್ಲ, ಮಾದರಿ. ಹಾಡಿಸಿದವರು ಕೇಳಿ ಒಪ್ಪಿದರೆ ನನ್ನಂಥವನ್ನು ನೂರಾರು ಒತ್ತುತ್ತಾರೆ. ಒಪ್ಪದಿದ್ದರೆ ಅಚ್ಚನ್ನೇ ಕರಗಿಸುತ್ತಾರೆ. ನನ್ನನ್ನು ಒಪ್ಪಲಿಲ್ಲ. ಹೀಗಾಗಿ ನನಗೆ ಜೋಡಿ ಇಲ್ಲ.

ನನ್ನ ಮೇಲಿರುವುದು ಬೆಂಗಳೂರು ದಂಡಿನ ಸಂತ ಕ್ರಿಸ್ಪಿನ್ ಶಾಲೆಯ ಹುಡುಗರು ಹಾಡಿದ ಕೀರ್ತನೆ. ದಂಡು ಎಂದರೆ ಆಗ ಬ್ರಿಟಿಷರ ಸೈನ್ಯ ಬೀಡುಬಿಟ್ಟಿದ್ದ ಊರಭಾಗ. ಅವರ ಆಂಗ್ಲಿಕನ್ ಚರ್ಚುಗಳಲ್ಲಿ ಹಾಡಲೆಂದೇ ಹುಡುಗರನ್ನು ಊಟ ಹಾಕಿ, ಓದು ಕಲಿಸಿ, ಸಾಕುವ ಶಾಲೆಗಳು ಇಂಗ್ಲೆಂಡಿನಲ್ಲಿ ಬಹಳ ಹಿಂದಿನಿಂದ ಇವೆ. ಸಂತ ಕ್ರಿಸ್ಪಿನ್ ಅಂಥದೇ ಒಂದು, ಸ್ವಲ್ಪ ಬಡದು. ಓದುವವರಲ್ಲಿ ಹೆಚ್ಚಿನವರು ದಂಡಿನ ಆಂಗ್ಲೋ-ಇಂಡಿಯನ್ ಮನೆಗಳ ಮಕ್ಕಳು. ಅವರ ಮನೆಯವರು ಫೀಜು ಕಟ್ಟುತ್ತಿದ್ದರು. ಬಿಟ್ಟಿ ಕಲಿಯುವ ಕೆಲವರು ಹೊರ ಊರಿನ ಮಿಷನ್ ಕಾಂಪೌಂಡುಗಳಿಂದ ಬಂದವರು.

ಅಲ್ಲಿನ ಹಾಡಿಕೆಗೆ ಒಂದು ಕ್ರಮ ಇತ್ತು. ಎದುರುಬದುರು ಎರಡು ಸಾಲು ಮರದ ಬೆಂಚು, ಬೆಂಚಿನ ಮುಂದೆ ಪುಸ್ತಕ ಇಡುವ ಹಲಗೆ. ಒಂದು ಸಾಲಿನವರು ಒಂದು ವಾಕ್ಯ ಹಾಡಿದರೆ ಎದುರಿನವರು ಮುಂದಿನದು. ತಾಳ ಎಂಬುದು ಇಲ್ಲ. ವಾಕ್ಯ ಎಷ್ಟೇ ಉದ್ದವಿರಲಿ, ಒಂದೇ ಸ್ವರದ ಮೇಲೆ ಹರಿಯಬಿಟ್ಟು ಕೊನೆಗೆ ಮಾತ್ರ ತಿರುಗಿಸಬೇಕು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಯಾವ ಹುಡುಗನ ದನಿಯೂ ಬೇರೆಯಾಗಿ ಕೇಳಿಸಬಾರದು. ಇಡೀ ಸಾಲು ಒಂದೇ ಗಂಟಲಿನಂತೆ ಇರಬೇಕು. ಹೆತ್ತ ತಾಯಿ ಬಂದು ಕೇಳಿದರೂ ತನ್ನ ಮಗ ಯಾರೆಂದು ಹೇಳಲಾಗಬಾರದು. ಈ ಕೊನೆಯ ಮಾತು ಶಾಲೆಯಲ್ಲಿ ಹಾಡು ಕಲಿಸುವ ಕ್ವಾಯರ್ ಮಾಸ್ಟರು ಪೆಂಡ್ರಿ ದೊರೆಯದು. ಅದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

ಬಿಟ್ಟಿ ಹುಡುಗರಲ್ಲಿ ಒಬ್ಬ ಗಿದ್ಯೋನ. ಚಿಕ್ಕಬಳ್ಳಾಪುರದ ಹತ್ತಿರದ ಮಿಷನ್ ಕಾಂಪೌಂಡಿನವನು. ಅಪ್ಪ ಹೊನ್ನಪ್ಪ ದಮ್ಮಡಿ ಎಂಬ ಚರ್ಮವಾದ್ಯ ಬಡಿಯುತ್ತಿದ್ದ. ಮೊದಲು ಊರಿನ ಭಜನೆಯಲ್ಲಿ, ದೀಕ್ಷಾಸ್ನಾನ ಆದ ಮೇಲೆ ಚರ್ಚಿನಲ್ಲಿ. ದೇವರು ಬದಲಾದರೂ ಕೈ ಅದೇ ಇತ್ತು. ಅವನು ಬೇಗ ಸತ್ತ. ಒಂದು ಕ್ರಿಸ್ಮಸ್‌ನಲ್ಲಿ ದಂಡಿನಿಂದ ಬಂದಿದ್ದ ಪಾದ್ರಿ ಗಿದ್ಯೋನನ ಹಾಡು ಕೇಳಿ, ಹುಡುಗನನ್ನು ಕೊಡು, ಓದಿಸುತ್ತೇವೆ ಎಂದರು. ತಾಯಿ ಸಾರಮ್ಮ ಮಿಷನ್ ಆಸ್ಪತ್ರೆಯಲ್ಲಿ ಗುಡಿಸುವ ಕೆಲಸದವಳು. ಮಡಿಲಲ್ಲಿ ಇನ್ನೊಂದು ಹೆಣ್ಣುಮಗು ಇತ್ತು. ಕೊಟ್ಟಳು.

ಗಿದ್ಯೋನನಿಗೆ ಇಂಗ್ಲಿಷ್ ಬಂತು, ಸ್ವರ ಬಂತು, ಉಸಿರು ಹಿಡಿಯುವುದು ಬಂತು. ತಾಳ ಇಲ್ಲದೆ ಹಾಡುವುದು ಮಾತ್ರ ಬರಲಿಲ್ಲ. ಅವನು ಗುಟ್ಟಾಗಿ ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟುತ್ತಿದ್ದ. ಟಕ್. ಸ್ವಲ್ಪ ಬಿಟ್ಟು ಟಕ್ಕಟ. ಅಪ್ಪ ದಮ್ಮಡಿಯಲ್ಲಿ ಬಡಿಯುತ್ತಿದ್ದದ್ದು ಅದೇ. ಆ ಬಡಿತಕ್ಕೂ ಹಾಡುತ್ತಿದ್ದ ಕೀರ್ತನೆಗೂ ಸಂಬಂಧ ಇರಲಿಲ್ಲ. ಆದರೆ ತಟ್ಟದಿದ್ದರೆ ಅವನಿಗೆ ವಾಕ್ಯ ಎಲ್ಲಿ ತಿರುಗುತ್ತದೆಂದು ತಿಳಿಯುತ್ತಿರಲಿಲ್ಲ. ಪೆಂಡ್ರಿ ದೊರೆ ರೂಲರಿನಿಂದ ಆ ಗೆಣ್ಣಿಗೇ ಹೊಡೆಯುತ್ತಿದ್ದರು. ಎರಡು ದಿನ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಹಾಡು ಹಿಡಿಯುವವರು ಗೆರೆ ಕೊರೆಯುವ ಮೇಣದ ಬಿಲ್ಲೆಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದ ದಿನ ಚರ್ಚಿನ ಕಿಟಕಿಗಳನ್ನೆಲ್ಲ ಮುಚ್ಚಿದರು. ಹೊರಗೆ ಜಟಕಾಗಳು ಹೋಗದಂತೆ ಇಬ್ಬರು ಪೊಲೀಸರು ನಿಂತರು. ಮೈಕು ನಿಲ್ಲಿಸಿದ್ದು ಗಿದ್ಯೋನನ ಸಾಲಿನ ಹತ್ತಿರ. ಹುಡುಗ ಹೆದರಿದ್ದ. ಹೆದರಿದಾಗ ಅವನ ಬೆರಳು ಅವನ ಮಾತು ಕೇಳುತ್ತಿರಲಿಲ್ಲ. ಮೊದಲ ಬಿಲ್ಲೆ ಮುಗಿದಾಗ ಪೆಂಡ್ರಿ ದೊರೆಯ ಮುಖ ಕೆಂಪಾಗಿತ್ತು. ಎರಡನೆಯ ಬಿಲ್ಲೆಗೆ ಹಾಡುವಾಗ ಗಿದ್ಯೋನನ ಎಡಗಡೆಯವನು ಅವನ ಎಡಗೈಯನ್ನೂ ಬಲಗಡೆಯವನು ಬಲಗೈಯನ್ನೂ ಬಿಗಿಯಾಗಿ ಹಿಡಿದುಕೊಂಡು ನಿಂತರು. ಕಳ್ಳನನ್ನು ಹಿಡಿದಂತೆ. ಹಾಡು ಚೆನ್ನಾಗಿ ಬಂತು. ಆ ಎರಡನೆಯದೇ ಅಂಗಡಿಗಳಿಗೆ ಹೋಯಿತು. ಲಂಡನ್ನಿಗೂ ಹೋಯಿತಂತೆ.

ನಾನು ಮೊದಲನೆಯದು.

ಪೆಂಡ್ರಿ ದೊರೆ ನನ್ನನ್ನು ಎಸೆಯಲಿಲ್ಲ. ನನ್ನ ಬೋಳು ಮುಖದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಇಂಟು ಗುರುತು ಹಾಕಿ ಬೀರುವಿನಲ್ಲಿಟ್ಟರು. ಪ್ರತಿ ವರ್ಷ ಹೊಸ ಹುಡುಗರು ಸೇರಿದಾಗ ನನ್ನನ್ನು ತೆಗೆದು, ಗ್ರಾಮಫೋನ್ ಪೆಟ್ಟಿಗೆಗೆ ಕೀಲಿ ಕೊಟ್ಟು, ಮುಳ್ಳು ಇಡುತ್ತಿದ್ದರು.

"ಕೇಳಿ. ಹದಿನಾರು ದೇವದೂತರು ಹಾಡುತ್ತಿದ್ದಾರೆ. ಅವರ ನಡುವೆ ಒಬ್ಬ ಬಡಗಿ ಮೊಳೆ ಹೊಡೆಯುತ್ತಿದ್ದಾನೆ. ಯಾರವನು?"

ಹಳೆಯ ಹುಡುಗರೆಲ್ಲ ಗಿದ್ಯೋನನ ಕಡೆ ತಿರುಗುತ್ತಿದ್ದರು. ಹೊಸಬರು ನಗುತ್ತಿದ್ದರು. ಹೊಸಬರಿಗೆ ಮೊದಲ ದಿನವೇ ನಗಲು ಯಾರಾದರೂ ಸಿಕ್ಕರೆ ಧೈರ್ಯ ಬರುತ್ತದೆ. ಗಿದ್ಯೋನ ಎದ್ದು ನಿಲ್ಲಬೇಕಿತ್ತು. ನಿಲ್ಲುತ್ತಿದ್ದ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದ.

ಹೀಗೆ ಅವನನ್ನು ಎಲ್ಲರ ಮುಂದೆ ಅವಮಾನಿಸಲು ನಾನು ಬೇಕಾಗಿದ್ದೆ. ನಾನು ತಿರುಗಿದೆ. ತಿರುಗಿಸಿದರೆ ತಿರುಗುವುದು, ಮುಳ್ಳಿಟ್ಟರೆ ಹಾಡುವುದು, ನನಗೆ ತಿಳಿದಿರುವುದು ಅಷ್ಟು.

ಬಿಟ್ಟಿ ಹುಡುಗರಿಗೆ ಇನ್ನೊಂದು ನಿಯಮವಿತ್ತು. ಗಂಟಲು ಒಡೆಯುವವರೆಗೆ ಊಟ, ಹಾಸಿಗೆ. ಒಡೆದ ದಿನ ಬಿಳಿ ನಿಲುವಂಗಿಯನ್ನು ಮಡಿಸಿ ಬೆಂಚಿನ ಮೇಲಿಟ್ಟು ಹೋಗಬೇಕು. ಫೀಜು ಕಟ್ಟುವವರು ಗಂಡಸಿನ ದನಿ ಬಂದ ಮೇಲೂ ಮೇಲಿನ ಕ್ಲಾಸಿನಲ್ಲಿ ಮುಂದುವರಿಯುತ್ತಿದ್ದರು. ಗಿದ್ಯೋನನ ಗಂಟಲು ಒಂದು ಭಾನುವಾರ ಆರಾಧನೆಯ ನಡುವೆಯೇ ಒಡೆಯಿತು. ಕೋಳಿ ಕೂಗಿದಂತೆ ಆಯಿತಂತೆ. ಸೋಮವಾರ ಬೆಳಿಗ್ಗೆ ಅವನು ಪೆಂಡ್ರಿ ದೊರೆಯ ಅಡುಗೆಮನೆಯ ಹಿಂಬಾಗಿಲಲ್ಲಿ ಗಂಟು ಹಿಡಿದು ನಿಂತಿದ್ದ. ದೊರೆಯ ಬಂಗಲೆ ಶಾಲೆಯ ಹಿತ್ತಲಲ್ಲೇ ಇತ್ತು. ನನ್ನ ಬೀರು ಇದ್ದ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಬಟ್ಲರ್ ಮುನಿಶಾಮಿ ಅವನಿಗೆ ರೊಟ್ಟಿ ಚಾ ಕೊಟ್ಟ. ಮುನಿಶಾಮಿಯೂ ಚಿಕ್ಕಬಳ್ಳಾಪುರದ ಕಡೆಯವನೇ.

"ಊರಿಗೆ ಹೋಗ್ಲಾ. ನಿಮ್ಮಮ್ಮ ಕಾಯ್ತಿರ್ತಾಳೆ."

"ಹೋಗಿ ಏನು ಹೇಳ್ಲಿ ಮಾಮ?"

"ಏನೂ ಹೇಳ್ಬ್ಯಾಡ. ತಾಯಿ ಅಲ್ವೇನೋ, ಏನು ಕೇಳ್ತಾಳೆ?"

"ಅವಳು ಕೇಳಲ್ಲ. ಕಾಂಪೌಂಡಿನೋರು ಕೇಳ್ತಾರೆ. ದೊರೆ ಆಗಿ ಬರ್ತಾನೆ ಅಂತ ಹೇಳ್ಕೊಂಡವ್ಳೆ ಎಲ್ಲಾರ್ಗೂ."

ಅವನ ದನಿ ಒಂದು ಮಾತಿಗೆ ದಪ್ಪಗೆ, ಮುಂದಿನ ಮಾತಿಗೆ ತೆಳ್ಳಗೆ ಕೇಳಿಸುತ್ತಿತ್ತು. ಚಾ ಲೋಟವನ್ನು ಕೆಳಗಿಟ್ಟ. ಬಾಗಿಲ ಚೌಕಟ್ಟನ್ನು ಗೆಣ್ಣಿನಿಂದ ತಟ್ಟಿದ. ಟಕ್, ಟಕ್ಕಟ. ಅಲ್ಲಿ ಹೊಡೆಯುವವರು ಯಾರೂ ಇರಲಿಲ್ಲ. ಆಮೇಲೆ ಹೋದ.

ಅವನು ಊರಿಗೆ ಹೋಗಲಿಲ್ಲ. ಯುದ್ಧ ಶುರುವಾಗಿತ್ತು. ವಯಸ್ಸು ಹೆಚ್ಚು ಹೇಳಿ ದಂಡಿನಲ್ಲಿ ಕೂಲಿಪಡೆಗೆ ಸೇರಿದ. ಬರ್ಮಾ ಕಡೆ ಕಳಿಸಿದರು. ಅಲ್ಲಿಂದ ವಾಪಸು ಬಂದವರಲ್ಲಿ ಅವನಿರಲಿಲ್ಲ. ಸತ್ತವರಲ್ಲಿಯೂ ಅವನ ಹೆಸರು ಬರಲಿಲ್ಲ. ಅವನದೊಂದು ಫೋಟೋ ಕೂಡ ಎಲ್ಲೂ ಇರಲಿಲ್ಲ.

ಅದೇ ಯುದ್ಧದಲ್ಲಿ ಅರಗಿಗೆ ಬರ ಬಂತು. ಹಳೆಯ ಪ್ಲೇಟುಗಳನ್ನು ಕೊಟ್ಟರೆ ಪುಡಿಮಾಡಿ ಹೊಸವನ್ನು ಒತ್ತುತ್ತಿದ್ದರು. ಪೆಂಡ್ರಿ ದೊರೆ ದೇಶಪ್ರೇಮದಿಂದ ಬೀರು ಖಾಲಿ ಮಾಡಿದರು. ನನ್ನ ಅಕ್ಕಪಕ್ಕ ಇದ್ದ ಒಳ್ಳೊಳ್ಳೆಯ ಪ್ಲೇಟುಗಳೆಲ್ಲ ಚೀಲ ಸೇರಿದವು. ನನ್ನನ್ನೂ ಕೈಗೆತ್ತಿಕೊಂಡರು, ಇಂಟು ಗುರುತು ನೋಡಿದರು, ಮತ್ತೆ ಒಳಗಿಟ್ಟರು. ಹೊಸ ಹುಡುಗರನ್ನು ನಗಿಸಲು ನಾನು ಇನ್ನೂ ಬೇಕಾಗಿದ್ದೆ. ಆ ಬೀರುವಿನಲ್ಲಿ ಕೆಟ್ಟದ್ದು ಎನಿಸಿಕೊಂಡಿದ್ದು ನಾನೊಂದೇ, ಉಳಿದದ್ದೂ ನಾನೊಂದೇ.

ಸ್ವಾತಂತ್ರ್ಯ ಬಂದ ವರ್ಷ ದೊರೆ ಸಾಮಾನು ಕಟ್ಟಿದರು. ಕಟ್ಟುತ್ತಾ ಕಟ್ಟುತ್ತಾ ನನ್ನನ್ನು ಕಸದ ಬುಟ್ಟಿಗೆ ಒರಗಿಸಿ ಹೋದರು. ಮುನಿಶಾಮಿ ನನ್ನನ್ನು ತೆಗೆದು, ಸೀಮೆಸುಣ್ಣ ಒರೆಸಿ, ಹಳೆಯ ಟರ್ಕಿ ಟವೆಲಿನಲ್ಲಿ ಸುತ್ತಿಕೊಂಡ.

ಅವನು ನನ್ನನ್ನು ಸಾರಮ್ಮನ ಮನೆಗೆ ಒಯ್ದ. ಮಿಷನ್ ಕಾಂಪೌಂಡಿನ ಸಾಲುಮನೆಗಳಲ್ಲಿ ಕೊನೆಯದು. ಸಾರಮ್ಮ ಕೈ ಒರೆಸಿಕೊಂಡು ಬಂದಳು. ಅವಳ ಹಿಂದೆ ಗಿದ್ಯೋನನ ತಂಗಿ ದೀನಮ್ಮ. ಲಂಗದ ಹುಡುಗಿ.

"ಇದ್ರಾಗೆ ನಿನ್ನ ಮಗ ಅವ್ನೆ ತಾಯಿ," ಎಂದ ಮುನಿಶಾಮಿ.

ಸಾರಮ್ಮ ನನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಾಡಿನ ಮುಖವನ್ನು ನೋಡಿದಳು, ತಿರುಗಿಸಿ ಬೋಳು ಮುಖವನ್ನು ನೋಡಿದಳು. ಅವಳ ಮನೆಯಲ್ಲಿ ಗ್ರಾಮಫೋನ್ ಎಲ್ಲಿಂದ ಬರಬೇಕು? ಮೂವರೂ ಪೇಟೆಗೆ ಹೊರಟರು.

ಪೇಟೆಯಲ್ಲಿ ಬುಡನ್ ಸಾಬರ ಸೌಂಡ್ ಸರ್ವಿಸ್ ಇತ್ತು. ಮದುವೆ, ನಾಟಕ, ಉರುಸಿಗೆ ಲೌಡ್‌ಸ್ಪೀಕರು ಕಟ್ಟುವ ಅಂಗಡಿ. ಸಾಬರು ನನ್ನನ್ನು ತಟ್ಟೆಯ ಮೇಲಿಟ್ಟು, ಹೊಸ ಮುಳ್ಳು ಹಾಕಿ, ಕೀಲಿ ತಿರುಗಿಸಿದರು. ಹುಡುಗರು ಹಾಡಿದರು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿ ಹೋದರು.

"ಅಮ್ಮ, ತಪ್ಪು ತಿಳ್ಕೋಬ್ಯಾಡಿ," ಎಂದರು ಸಾಬರು, "ಈ ಹಾಡು ಹಾಕಿದ್ರೆ ಮದುವೆ ಮನೇಲಿ ಗಂಡೇ ಎದ್ದು ಹೋಗ್ತಾನೆ."

ಸಾರಮ್ಮ ನಗಲಿಲ್ಲ. "ಇದ್ರಲ್ಲಿ ನನ್ನ ಮಗ ಯಾವನು?"

"ಎಲ್ಲಾ ಸೇರಿ ಹಾಡ್ತಾವ್ರಲ್ಲಮ್ಮ."

"ಅದು ನಂಗೂ ಗೊತ್ತಾಯ್ತದೆ. ನನ್ನ ಮಗ ಯಾವನು ಅಂತ ಕೇಳ್ದೆ."

ಮುನಿಶಾಮಿ ನೆಲ ನೋಡಿದ. ಸಾಬರು ಇನ್ನೊಮ್ಮೆ ಹಾಕಿದರು. ಸಾರಮ್ಮ ಕಣ್ಣು ಮುಚ್ಚಿ ಕೇಳಿದಳು. ಹತ್ತು ವರ್ಷ ಎದೆಯ ಮೇಲೆ ಹಾಕಿಕೊಂಡು ಬೆಳೆಸಿದ ಮಗನ ದನಿಯನ್ನು ಆ ಸಾಲಿನಿಂದ ಬಿಡಿಸಿಕೊಳ್ಳಲು ಅವಳಿಗೆ ಆಗಲಿಲ್ಲ. ಪೆಂಡ್ರಿ ದೊರೆ ತಮ್ಮ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದ್ದರು. ಅವಳ ಮುಖ ಗಟ್ಟಿಯಾಗುತ್ತಾ ಬಂತು. ಇವರೆಲ್ಲ ಸೇರಿ ತನಗೆ ಯಾರದೋ ಮಕ್ಕಳನ್ನು ಕೇಳಿಸುತ್ತಿದ್ದಾರೆ ಎಂದುಕೊಂಡಳೋ ಏನೋ.

ಆಗ ದೀನಮ್ಮ, ಅಮ್ಮನ ಸೆರಗು ಹಿಡಿದುಕೊಂಡು, "ಅಮ್ಮಾ, ಯಾರೋ ಬಾಗಿಲು ತಟ್ತಾವ್ರೆ," ಎಂದಳು.

"ಎಲ್ಲೇ?"

"ಅದ್ರೊಳಗೆ."

ಮತ್ತೆ ಹಾಕಿದರು. ಹುಡುಗರ ದನಿಯ ಕೆಳಗೆ, ಮರದ ಮೇಲೆ ಮೂಳೆ ಬಡಿದ ಸದ್ದು. ಟಕ್. ಸ್ವಲ್ಪ ಬಿಟ್ಟು ಟಕ್ಕಟ. ಸಾರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಅತ್ತಳು ಎಂದು ನಾನು ಹೇಳುವುದಿಲ್ಲ, ನನಗೆ ಕಾಣಿಸಲಿಲ್ಲ. ಆಮೇಲೆ ಹೇಳಿದಳು: "ರಾಗಿ ಡಬ್ಬದ ಮೇಲೆ ಹಿಂಗೇ ತಟ್ತಿದ್ದ. ಹಸಿವಾದಾಗ."

ವಾಪಸು ಹೋಗುವ ದಾರಿಯಲ್ಲಿ, ಸುಮ್ಮನಿರಲಾರದೆ, ಮುನಿಶಾಮಿ ಎಲ್ಲ ಹೇಳಿಬಿಟ್ಟ. ರೂಲರು, ಹಿಡಿದುಕೊಂಡ ಕೈಗಳು, ಬಡಗಿಯ ಮಾತು, ಹುಡುಗರ ನಗು. ಸಾರಮ್ಮ ನನ್ನನ್ನು ಟವೆಲಿನಲ್ಲಿ ಇನ್ನೊಂದು ಸುತ್ತು ಸುತ್ತಿದಳು. ಮನೆಗೆ ಬಂದ ಮೇಲೆ ಮಗಳಿಗೆ ಹೇಳಿದಳು:

"ತಟ್ಟಿದ್ದು ಅಣ್ಣ ಅಂತ ಯಾರತ್ರಾನೂ ಹೇಳ್ಬ್ಯಾಡ ಕಣೇ. ದೊಡ್ಡೋರ ಮುಂದೆ ಹಾಡಕ್ಕೋಗಿ ತಪ್ಪು ಮಾಡ್ದ ಅಂತ ನಗ್ತಾರೆ. ಅಣ್ಣ ಹಾಡವ್ನೆ ಅಂತ ಹೇಳು, ಸಾಕು."

ದೀನಮ್ಮ ತಲೆಯಾಡಿಸಿದಳು. ಆ ಮಾತನ್ನು ಅವಳು ಮುದುಕಿಯಾಗುವವರೆಗೂ ಉಳಿಸಿಕೊಂಡಳು. ಉಳಿಸಿಕೊಳ್ಳಬಾರದಿತ್ತು.

ಅಲ್ಲಿಂದ ಪ್ರತಿ ಕ್ರಿಸ್ಮಸ್ ಹಿಂದಿನ ಸಂಜೆ ತಾಯಿ ಮಗಳು ನನ್ನನ್ನು ಹೊತ್ತು ಬುಡನ್ ಸಾಬರ ಅಂಗಡಿಗೆ ಹೋಗುವ ರೂಢಿಯಾಯಿತು. ಸಾಬರು ಆ ದಿನಕ್ಕೆಂದು ಹೊಸ ಮುಳ್ಳು ಎತ್ತಿಡುತ್ತಿದ್ದರು. ಒಂದೇ ಸಲ ಹಾಕುತ್ತಿದ್ದರು. "ಜಾಸ್ತಿ ಕೇಳ್ಬ್ಯಾಡಿ ಅಮ್ಮ. ಕೇಳಿದಷ್ಟೂ ಸವೀತದೆ," ಎನ್ನುತ್ತಿದ್ದರು. ಅದು ನಿಜ. ಉಕ್ಕಿನ ಮುಳ್ಳು ಪ್ರತಿ ಸಲವೂ ನನ್ನ ಗೆರೆಯನ್ನು ಸ್ವಲ್ಪ ಕೆರೆದು ಹೋಗುತ್ತದೆ. ನನ್ನನ್ನು ಪ್ರೀತಿಸುವವರೇ ನನ್ನನ್ನು ಸವೆಸುತ್ತಾರೆ. ದ್ವೇಷಿಸುವವರು ಬೀರುವಿನಲ್ಲಿಡುತ್ತಾರೆ.

ಸಾರಮ್ಮ ಸತ್ತಳು. ಸಾಬರ ಮಕ್ಕಳು ಪೆಟ್ಟಿಗೆ ಮಾರಿ ಕ್ಯಾಸೆಟ್ಟಿನ ಮಿಷನ್ನು ತಂದರು. ದೀನಮ್ಮ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಯಾ ಆದಳು, ಮದುವೆ ಆಗಲಿಲ್ಲ, ಲಿಂಗರಾಜಪುರದಲ್ಲಿ ಒಂದು ಕೋಣೆಯ ಮನೆ ಮಾಡಿದಳು. ನಾನು ಅವಳ ಟ್ರಂಕಿನ ತಳದಲ್ಲಿ, ಅದೇ ಟರ್ಕಿ ಟವೆಲಿನಲ್ಲಿ ಮಲಗಿದ್ದೆ. ಎಷ್ಟೋ ವರ್ಷ ನನ್ನನ್ನು ಹಾಡಿಸುವ ಯಂತ್ರವೇ ಅವಳಿಗೆ ಸಿಗಲಿಲ್ಲ. ಒಮ್ಮೆ ಮನೆಗೆ ಸುಣ್ಣ ಹೊಡೆಯುವವರು ಟ್ರಂಕನ್ನು ಎತ್ತಿ ಹಾಕಿದರು. ನನ್ನ ಅಂಚಿನಿಂದ ನಡುವಿನ ತನಕ ಕೂದಲೆಳೆಯಷ್ಟು ಬಿರುಕು ಬಿಟ್ಟಿತು.

ಡೆರಿಕ್ ಸುಧಾಕರ ಎಂಬವನು ದೀನಮ್ಮನ ಬದುಕಿಗೆ ಬಂದದ್ದು ಅವಳು ಮುದುಕಿಯಾದ ಮೇಲೆ. ಅವಳ ಚರ್ಚಿನಲ್ಲೇ ಆರ್ಗನ್ ನುಡಿಸುವವನು. ನಲವತ್ತರ ಆಸುಪಾಸು, ದಪ್ಪ ಕನ್ನಡಕ. ಹಳೆಯ ಕ್ವಾಯರ್ ಶಾಲೆಗಳ ಪ್ಲೇಟುಗಳೆಂದರೆ ಅವನಿಗೆ ಹುಚ್ಚು. ಗುಜರಿಯಿಂದ, ಸತ್ತವರ ಮನೆಗಳಿಂದ, ಎಲ್ಲೆಲ್ಲಿಂದಲೋ ಹುಡುಕಿ ತಂದು, ತೊಳೆದು, ಕಂಪ್ಯೂಟರಿಗೆ ಹತ್ತಿಸಿ, ಸಿಡಿ ಮಾಡುತ್ತಿದ್ದ. ಆರಾಧನೆ ಮುಗಿದ ಮೇಲೆ ದೀನಮ್ಮ ಅವನನ್ನು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದಳು.

"ನಮ್ಮನೇಲೊಂದು ಪ್ಲೇಟೈತಪ್ಪ. ನಮ್ಮಣ್ಣ ಹಾಡಿರೋದು. ಸಾಯೋದ್ರೊಳಗೆ ಇನ್ನೊಂದ್ಸಲ ಕೇಳ್ಬೇಕು."

ಡೆರಿಕ್ ಅದೇ ಸಂಜೆ ಬಂದ. ನನ್ನನ್ನು ಬೆಳಕಿಗೆ ಹಿಡಿದು, ನಡುವಿನ ಚೀಟಿ ಓದಿ, ಬೋಳು ಮುಖ ನೋಡಿ, ಕೂತಲ್ಲಿಂದ ಎದ್ದ.

"ಆಂಟಿ, ಸಂತ ಕ್ರಿಸ್ಪಿನ್! ಇದು ಮಾದರಿ ಪ್ಲೇಟು. ಮಾರಾಟಕ್ಕೆ ಬಂದಿದ್ದು ಬೇರೆ. ಇದು ಪ್ರಪಂಚದಲ್ಲಿ ಒಂದೇ ಇರ್ಬೋದು. ಎಲ್ಲಿ ಬಚ್ಚಿಟ್ಟಿದ್ರಿ ನೀವು?"

"ಟ್ರಂಕಲ್ಲಿ," ಎಂದಳು ದೀನಮ್ಮ. "ಕಾಪಿ ತಗೋ."

"ನಿಮ್ಮಣ್ಣನ ದನಿನ ಕನ್ನಡಿ ತರ ಮಾಡ್ಕೊಡ್ತೀನಿ, ನೋಡ್ತಿರಿ."

ದೀನಮ್ಮ ಬಾಯಿ ತೆರೆದಳು. ಅಣ್ಣ ಇರುವುದು ದನಿಯಲ್ಲಲ್ಲ ಎಂದು ಹೇಳಲು ಅದೇ ಹೊತ್ತು. ಆದರೆ ಎದುರಿಗಿದ್ದವನು ಆರ್ಗನ್ ನುಡಿಸುವವನು, ಓದಿದವನು, ಆ ಸಂಗೀತ ಬಲ್ಲವನು. ಪೆಂಡ್ರಿ ದೊರೆಗೆ ಕೇಳಿಸಿದ ತಪ್ಪು ಇವನಿಗೂ ಕೇಳಿಸುತ್ತದೆ. ಕೇಳಿಸಿದರೆ ನಗಬಹುದು. ಅವಳು ಬಾಯಿ ಮುಚ್ಚಿ, ಚಾ ಮುಂದಿಟ್ಟು, "ಸಕ್ಕರೆ ಸಾಕಾ?" ಎಂದಳು.

ಡೆರಿಕ್‌ನ ಮನೆಯಲ್ಲಿ ಅವನು ನನ್ನನ್ನು ನೀರಿನಲ್ಲಿ ತೊಳೆದು, ಬಿರುಕಿನ ಹಿಂದೆ ಅಂಟು ಪಟ್ಟಿ ಹಚ್ಚಿ, ತಿರುಗುವ ತಟ್ಟೆಯ ಮೇಲಿಟ್ಟ. "ಬಿರುಕು ದೊಡ್ಡದಿದೆ ಆಂಟಿ. ಒಂದೇ ಸಲ ತಡೆಯುತ್ತೆ ಅನ್ಸುತ್ತೆ," ಎಂದ. ದೀನಮ್ಮ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಡೆರಿಕ್ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡ. ಹಾಡು ತಂತಿಯಲ್ಲಿ ಹೋಯಿತು, ಅವನ ಕಿವಿಗೆ, ಕಂಪ್ಯೂಟರಿಗೆ. ಕೋಣೆಯಲ್ಲಿ ಉಳಿದದ್ದು ಮುಳ್ಳಿನ ಕೀಚು ಸದ್ದು ಮಾತ್ರ. ದೀನಮ್ಮ ಮುಂದಕ್ಕೆ ಬಾಗಿ, ನಾನು ತಿರುಗುವುದನ್ನು ನೋಡುತ್ತಿದ್ದಳು. ಡೆರಿಕ್ ಕಣ್ಣು ಮುಚ್ಚಿ ನಗುತ್ತಿದ್ದ. ಅದು ಗೇಲಿಯ ನಗುವಲ್ಲ. ಅವಳಿಗೆ ಅದು ಸಮಾಧಾನ ಕೊಟ್ಟಿತು ಎಂದು ಕಾಣುತ್ತದೆ, ಬೆನ್ನು ಒರಗಿಸಿ ಕೂತಳು.

ಹಾಡು ಮುಗಿಯಿತು. ಡೆರಿಕ್ ನನ್ನನ್ನು ಎತ್ತಿದ. ನಾನು ಅವನ ಕೈಯಲ್ಲೇ ಮೂರು ತುಂಡಾದೆ.

"ಅಯ್ಯೋ ಯೇಸಪ್ಪಾ," ಎಂದಳು ದೀನಮ್ಮ.

"ಹೆದರ್ಬೇಡಿ ಆಂಟಿ, ಹೆದರ್ಬೇಡಿ," ಡೆರಿಕ್ ತುಂಡುಗಳನ್ನು ಟವೆಲಿನ ಮೇಲಿಟ್ಟ. "ಎಲ್ಲಾ ಬಂದಿದೆ. ಒಂದಕ್ಷರ ಬಿಟ್ಟಿಲ್ಲ."

ಅವನು ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಎಲ್ಲವೂ ಅದರಲ್ಲಿತ್ತು.

ಮುಂದಿನ ಭಾನುವಾರ ಆರಾಧನೆ ಮುಗಿಸಿ ಅವನು ದೀನಮ್ಮನ ಮನೆಗೆ ಬಂದ. ಒಂದು ಕೈಯಲ್ಲಿ ಸಿಡಿ, ಇನ್ನೊಂದರಲ್ಲಿ ಅವಳಿಗೇ ಇರಲಿ ಎಂದು ತಂದ ಸಣ್ಣ ಪ್ಲೇಯರು. ಹಳೆಯ ಸೀರೆ ಡಬ್ಬದಲ್ಲಿ ನಾನು, ತುಂಡುಗಳ ನಡುವೆ ಹತ್ತಿ ಇಟ್ಟು. ಮೇಜಿನ ಮೇಲೆ ಎಲ್ಲವನ್ನೂ ಇಟ್ಟ.

ಹುಡುಗರು ಹಾಡಿದರು. ನನ್ನ ಮೈಯಲ್ಲಿ ಇಷ್ಟು ಚೆನ್ನಾದ ಹಾಡು ಇತ್ತೆಂದು ನನಗೇ ಗೊತ್ತಿರಲಿಲ್ಲ. ಕೆರೆತ ಇಲ್ಲ, ಸವೆತ ಇಲ್ಲ. ಚರ್ಚಿನ ಸೂರಿನ ಎತ್ತರ ಕೂಡ ಕೇಳಿಸುತ್ತಿತ್ತು. ದೀನಮ್ಮ ಕೊನೆಯವರೆಗೂ ಕೇಳಿದಳು. ಮುಗಿದ ಮೇಲೆ ಕಾಯುತ್ತಾ ಕೂತಳು, ಇನ್ನೂ ಬಾಕಿ ಇದೆ ಎನ್ನುವಂತೆ.

"ಹೇಗಿದೆ ಆಂಟಿ?"

"ತಟ್ಟೋದು ಎಲ್ಲಪ್ಪ?"

"ಏನು ತಟ್ಟೋದು?"

ದೀನಮ್ಮ ಮೇಜನ್ನು ಗೆಣ್ಣಿನಿಂದ ತಟ್ಟಿದಳು. ಟಕ್. ಟಕ್ಕಟ.

ಡೆರಿಕ್ ಅವಳ ಕೈಯನ್ನೇ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ: "ಅದು ಬಿರುಕಿನ ಸದ್ದು ಅಂದ್ಕೊಂಡೆ. ಬಿರುಕಿದ್ರೆ ಪ್ಲೇಟು ಒಂದು ಸುತ್ತು ಬಂದಾಗೆಲ್ಲ ಟಿಕ್ ಅನ್ನುತ್ತೆ. ಅದನ್ನ ಕಂಪ್ಯೂಟರೇ ತೆಗೀತು. ಇನ್ನು ಕೆಲವು ಅದಕ್ಕೂ ಸಿಕ್ಕಿರ್ಲಿಲ್ಲ. ಮಂದ ಇತ್ತು. ಅವನ್ನ ನಾನೇ ಕೂತು ಒಂದೊಂದಾಗಿ ತೆಗ್ದೆ. ವಾರ ಪೂರ್ತಿ ಅದೇ ಕೆಲಸ ಮಾಡ್ದೆ ಆಂಟಿ."

"ಅದು ನಮ್ಮಣ್ಣ."

"ನಿಮ್ಮಣ್ಣ ಹಾಡಿದ್ದಾರೆ ಅಂದ್ರಿ."

"ಹಾಡೋರಲ್ಲಿ ಯಾವನು ಅಂತ ನಮ್ಮಮ್ಮಂಗೇ ಗೊತ್ತಾಗ್ಲಿಲ್ಲ. ತಟ್ಟೋನು ಅವನು."

ಗೋಡೆಯಾಚೆ ಯಾರೋ ಕುಕ್ಕರು ಇಟ್ಟಿದ್ದರು. ಅದು ಎರಡು ಸಲ ಕೂಗಿತು.

"ಮೊದಲು ಹಿಡಿದಿದ್ದೈತಲ್ಲ, ಕಂಪ್ಯೂಟರ್‌ನಾಗೆ," ಎಂದಳು ದೀನಮ್ಮ.

"ಅದರ ಮೇಲೇ ಕೆಲಸ ಮಾಡ್ಕೊಂಡು ಹೋದೆ. ಬೇರೆ ಉಳಿಸ್ಲಿಲ್ಲ. ಜಾಗ ಇರ್ಲಿಲ್ಲ." ಅವನು ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. ಡಬ್ಬದ ಮುಚ್ಚಳ ತೆಗೆದು ನನ್ನ ತುಂಡುಗಳನ್ನು ನೋಡಿದ. ಅಂಚುಗಳು ಉದುರಿದ್ದವು. ಅವನಿಗೆ ಗೊತ್ತಿತ್ತು, ಅವು ಕೂಡುವುದಿಲ್ಲ. "ಒಂದು ಮಾತು ಹೇಳ್ಬೇಕಿತ್ತು ಆಂಟಿ ನೀವು. ಒಂದೇ ಒಂದು ಮಾತು."

"ಹೆಂಗಪ್ಪ ಹೇಳ್ಲಿ," ಎಂದಳು ದೀನಮ್ಮ. "ತಪ್ಪಲ್ವಾ ಅದು?"

ಡೆರಿಕ್ ಡಬ್ಬದ ಮುಚ್ಚಳ ಹಾಕಿದ. ಅವನು ಕೆಟ್ಟವನಲ್ಲ. ಪೆಂಡ್ರಿ ದೊರೆ ಆ ಹುಡುಗನ ಕೈಗಳನ್ನು ಹಿಡಿಸಿ ನಿಲ್ಲಿಸಿದ್ದು ಕೋಪದಿಂದ. ಇವನು ಅದೇ ಕೆಲಸವನ್ನು ಪ್ರೀತಿಯಿಂದ, ವಾರವಿಡೀ ಕೂತು ಮುಗಿಸಿದ. ದೊರೆಗೆ ಕೂಡ ಇಷ್ಟು ಪೂರ್ತಿಯಾಗಿ ಮಾಡಲು ಆಗಿರಲಿಲ್ಲ.

ಈಗ ಆ ಹಾಡು ದೂರದ ಊರುಗಳಲ್ಲೂ ಇದೆ. ಡೆರಿಕ್‌ನಂಥ ಹುಚ್ಚಿನವರು ಅದರ ಕಾಪಿಯನ್ನು ಒಬ್ಬರಿಂದೊಬ್ಬರು ಪಡೆದು, ಎಂಥ ಶುದ್ಧ ಹಾಡಿಕೆ, ಒಂದೇ ಒಂದು ದನಿ ಹೊರಗೆ ಬಿದ್ದಿಲ್ಲ ನೋಡಿ ಎನ್ನುತ್ತಾರಂತೆ. ಡೆರಿಕ್ ಈ ಸುದ್ದಿಯನ್ನು ದೀನಮ್ಮನಿಗೆ ಹೇಳಿದ. ಅವಳು ಒಳ್ಳೇದಾಯ್ತಪ್ಪ ಎಂದಳು. ಅವನು ತಿಂಗಳಿಗೊಮ್ಮೆಯಾದರೂ ಬರುತ್ತಾನೆ, ಹಣ್ಣು ತರುತ್ತಾನೆ, ನನ್ನ ಡಬ್ಬದ ಕಡೆ ನೋಡುವುದಿಲ್ಲ.

ನಾನು ಮಂಚದ ಕೆಳಗೆ ಇದ್ದೇನೆ. ಸೀರೆ ಡಬ್ಬ, ಹತ್ತಿ, ಮೂರು ತುಂಡು. ದೀನಮ್ಮ ಹೋದ ಮೇಲೆ ಮನೆ ಖಾಲಿ ಮಾಡುವವರು ಈ ಡಬ್ಬ ತೆರೆದು, ಇದೇನಿದು ಕರಿ ಹೆಂಚು ಎಂದು ಬೀದಿಯ ತೊಟ್ಟಿಗೆ ಹಾಕುತ್ತಾರೆ. ನನ್ನನ್ನು ಪುಡಿಮಾಡಿ ಹೊಸ ಪ್ಲೇಟು ಒತ್ತುವ ಕಾಲವೂ ಹೋಯಿತು.

ಕೆಲವು ಸಂಜೆ ದೀನಮ್ಮ ಆ ಸಣ್ಣ ಪ್ಲೇಯರನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತುತ್ತಾಳೆ. ಹುಡುಗರು ಹಾಡುತ್ತಾರೆ. ಅವಳು ಬಲಗೈ ಮಡಿಸಿ, ಕಾದಿದ್ದು, ಅಣ್ಣ ತಟ್ಟುತ್ತಿದ್ದ ಜಾಗಗಳಲ್ಲಿ ತಾನೇ ಮೇಜನ್ನು ತಟ್ಟುತ್ತಾಳೆ. ಟಕ್. ಟಕ್ಕಟ. ಮುಖದಲ್ಲಿ ಏನೂ ಕಾಣುವುದಿಲ್ಲ, ಕೆಲಸ ಮಾಡುವವರ ಮುಖ.

ಮೊದಮೊದಲು ಸರಿಯಾಗಿಯೇ ತಟ್ಟುತ್ತಿದ್ದಳು. ಈಚೆಗೆ ತಪ್ಪುತ್ತಿದೆ. ಎರಡನೆಯ ವಾಕ್ಯ ತಿರುಗುವಲ್ಲಿ ಅವಳ ಕೈ ಬೇಗ ಬೀಳುತ್ತದೆ. ಗಿದ್ಯೋನ ಅಲ್ಲಿ ಒಂದು ಉಸಿರಿನಷ್ಟು ತಡೆದಿದ್ದ, ಹೆದರಿದ್ದರಿಂದ. ಅವನು ಎಷ್ಟು ತಡೆದ ಎಂಬುದು ಕಂಪ್ಯೂಟರಿನಲ್ಲಿಲ್ಲ, ಲಂಡನ್ನಿಗೆ ಹೋದ ಪ್ಲೇಟಿನಲ್ಲಿಲ್ಲ, ದೀನಮ್ಮನ ನೆನಪಿನಲ್ಲೂ ಇನ್ನು ಉಳಿದಿಲ್ಲ. ನನ್ನ ಎರಡನೆಯ ತುಂಡಿನ ಅಂಚಿನ ಹತ್ತಿರ, ಒಂದು ಗೆರೆಯಲ್ಲಿ ಇದೆ. ಮೇಲೆ ಅವಳು ತಪ್ಪು ತಟ್ಟುತ್ತಾಳೆ. ಕೆಳಗೆ ನಾನು ಕೇಳುತ್ತೇನೆ.